ಬೇಡಿಕೆಯ ಮುದ್ರಣವೂ ಸ್ವತಂತ್ರ ಗ್ರಂಥಕರ್ತನೂ

ಗ್ರಂಥವೊಂದನ್ನು ಬರೆದು ಮುಗಿಸಿದವನ ಮುಂದೆ ಇಂದು ಎರಡು ದಾರಿಗಳು ತೆರೆದಿವೆ. ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸುವುದು ಮೊದಲನೆಯದು. ಅವರು ಅದನ್ನು ಮೆಚ್ಚಿದರೆ ತಮ್ಮ ಬಂಡವಾಳದಿಂದ ಐನೂರೋ ಸಾವಿರವೋ ಪ್ರತಿಗಳನ್ನು ಒಮ್ಮೆಗೇ ಅಚ್ಚುಹಾಕಿಸಿ, ಮಾರಿ, ಗ್ರಂಥಕರ್ತನಿಗೆ ಗೌರವಧನವನ್ನು ಸಲ್ಲಿಸುತ್ತಾರೆ. ಪುಟಗಳನ್ನು ಗಣಕಯಂತ್ರದಲ್ಲಿ ಅಣಿಮಾಡಿ ಕಡತವಾಗಿ ಇರಿಸಿಕೊಂಡು, ಕೊಳ್ಳುವವನು ಹಣ ಕೊಟ್ಟ ಮೇಲೆ ಅವನಿಗೆಂದೇ ಒಂದು ಪ್ರತಿಯನ್ನು ಅಚ್ಚುಹಾಕಿ ಕಳುಹಿಸುವುದು ಎರಡನೆಯದು. ‘ಪ್ರಿಂಟ್ ಆನ್ ಡಿಮ್ಯಾಂಡ್’ ಎಂದು ರೂಢಿಗೆ ಬಂದಿರುವ ಈ ಎರಡನೆಯ ಕ್ರಮವನ್ನು ಇಲ್ಲಿ ‘ಬೇಡಿಕೆಯ ಮುದ್ರಣ’ ಎಂದು ಕರೆದಿದ್ದೇವೆ. ಪಿಎಚ್.ಡಿ. ಪ್ರಬಂಧವನ್ನು ಪುಸ್ತಕವಾಗಿಸಬೇಕೆಂದಿರುವ ಅಧ್ಯಾಪಕರೂ, ತಮ್ಮ ತಾಲ್ಲೂಕಿನ ಶಾಸನಗಳನ್ನೋ ಐತಿಹ್ಯಗಳನ್ನೋ ವರ್ಷಗಟ್ಟಲೆ ಕಲೆಹಾಕಿದ ಹವ್ಯಾಸಿ ವಿದ್ವಾಂಸರೂ ಈ ಎರಡರಲ್ಲಿ ಯಾವುದು ಲೇಸೆಂದು ಕೇಳುವುದುಂಟು. ಈ ಚರ್ಚೆ ಬಹುಮಟ್ಟಿಗೆ ಗೌರವಧನದ ಪ್ರಮಾಣದಲ್ಲಿಯೇ ಸುತ್ತುತ್ತಿರುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ ಎಂಬುದು ನಮ್ಮ ಅಭಿಪ್ರಾಯ: ಮಾರಾಟವಾಗದೆ ಉಳಿದ ಪ್ರತಿಯ ನಷ್ಟವನ್ನು ಹೊರತಕ್ಕವರು ಯಾರು? ಗ್ರಂಥಪ್ರಕಟಣೆಯ ಇತಿಹಾಸವನ್ನು ಈ ಪ್ರಶ್ನೆಯ ಮೂಲಕ ನೋಡಿದಲ್ಲಿ ಇಂದಿನ ಆಯ್ಕೆಯ ಸ್ವರೂಪವೂ ತಿಳಿಯಾಗುತ್ತದೆ.

ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನು ಸಿದ್ಧಪಡಿಸುವುದು ಹೊಸದೇನೂ ಅಲ್ಲ. ಅಚ್ಚಿನ ಯಂತ್ರಕ್ಕೆ ಮೊದಲು ಇದ್ದುದು ಅದೊಂದೇ ಕ್ರಮ. ಓಲೆಗರಿಯ ಮೇಲೆ ನಕಲು ಮಾಡುವವನಿಗೆ ಮೊದಲನೆಯ ಪ್ರತಿಗೆ ಎಷ್ಟು ಶ್ರಮವೋ ನೂರನೆಯ ಪ್ರತಿಗೂ ಅಷ್ಟೇ ಶ್ರಮ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಸಾವಿರವೆಂಬ ಸಂಖ್ಯೆ ನಮ್ಮನ್ನು ಬೆರಗುಗೊಳಿಸುವುದು ಆ ಕಾಲದಲ್ಲಿ ಸಾವಿರ ಪ್ರತಿಗೆ ಸಾವಿರಪಟ್ಟು ವೆಚ್ಚವಾಗುತ್ತಿದ್ದುದರಿಂದ. ಅಚ್ಚುಮೊಳೆಗಳು ಬಂದ ಮೇಲೆ ಈ ಲೆಕ್ಕವೇ ತಲೆಕೆಳಗಾಯಿತು. ಮೊದಲ ಪ್ರತಿಗೆ ಮೊಳೆ, ಯಂತ್ರ, ಕಾಗದ, ಕೂಲಿ ಎಂದು ದೊಡ್ಡ ಮೊತ್ತವನ್ನು ಸುರಿಯಬೇಕು. ಅನಂತರದ ಪ್ರತಿಗಳು ಅಗ್ಗ. ಮೈನ್ಜ್ ನಗರದ ಗುಟೆನ್‌ಬರ್ಗನು ತನ್ನ ಉದ್ಯಮಕ್ಕಾಗಿ ಯೋಹಾನ್ ಫುಸ್ಟ್ ಎಂಬ ಧನಿಕನಿಂದ ಎರಡು ಬಾರಿ ಎಂಟೆಂಟುನೂರು ಗಿಲ್ಡರುಗಳನ್ನು ಪಡೆದನು. ಸುಮಾರು ೧೮೦ ಪ್ರತಿಗಳ ಬೈಬಲ್ಲು ಪೂರ್ಣಗೊಳ್ಳುವ ಹೊತ್ತಿಗೆ, ೧೪೫೫ರಲ್ಲಿ, ಅದೇ ಹಣಕ್ಕಾಗಿ ನ್ಯಾಯಸ್ಥಾನದಲ್ಲಿ ನಿಲ್ಲಬೇಕಾಯಿತು. ಓದುಗನ ಬಳಿಗೆ ಪುಸ್ತಕ ಹೋಗುವುದಕ್ಕೆ ಮುಂಚೆಯೇ ಯಾರಾದರೊಬ್ಬರು ಹಣವನ್ನು ಅಪಾಯಕ್ಕೆ ಒಡ್ಡಬೇಕೆಂಬುದು ಮುದ್ರಣದ ಹುಟ್ಟಿನೊಡನೆಯೇ ಬಂದ ನಿಯಮ. ‘ಪ್ರಕಾಶಕ’ನೆಂಬವನು ಈ ನಿಯಮದಿಂದ ಹುಟ್ಟಿದವನು.

ಈ ಅಪಾಯವನ್ನು ಗ್ರಂಥಕರ್ತನೂ ಪ್ರಕಾಶಕನೂ ಹೇಗೆ ಹಂಚಿಕೊಳ್ಳುತ್ತಿದ್ದರೆಂಬುದಕ್ಕೆ ಜೇನ್ ಆಸ್ಟಿನ್ನಳ ಲೆಕ್ಕಪತ್ರಗಳಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ನಮ್ಮ ಕಾಲೇಜುಗಳ ಇಂಗ್ಲಿಷ್ ತರಗತಿಗಳಲ್ಲಿ ಆಕೆಯ ಕಾದಂಬರಿಗಳನ್ನು ಓದಿದವರು ಬಹಳ ಮಂದಿ. ಆ ಕಾದಂಬರಿಗಳು ಯಾವ ಷರತ್ತಿನ ಮೇಲೆ ಅಚ್ಚಾದುವೆಂಬುದನ್ನು ವಿಚಾರಿಸಿದವರು ಕಡಮೆ. ೧೮೦೩ರಲ್ಲಿ ಆಕೆ ‘ಸೂಸನ್’ ಎಂಬ ಹಸ್ತಪ್ರತಿಯನ್ನು ಲಂಡನ್ನಿನ ಕ್ರಾಸ್ಬಿ ಎಂಬ ಪ್ರಕಾಶಕನಿಗೆ ಹತ್ತು ಪೌಂಡಿಗೆ ಮಾರಿದಳು. ಅವನು ಪುಸ್ತಕದ ಪ್ರಕಟಣೆಯನ್ನು ಸಾರಿ ಜಾಹೀರಾತನ್ನು ಕೊಟ್ಟನೇ ಹೊರತು ಅಚ್ಚುಹಾಕಲಿಲ್ಲ. ಆರು ವರ್ಷಗಳ ಮೇಲೆ ಆಕೆ ಪತ್ರ ಬರೆದು ಕೇಳಿದಾಗ, ಹತ್ತು ಪೌಂಡನ್ನು ಮರಳಿಸಿದರೆ ಹಸ್ತಪ್ರತಿಯನ್ನು ಕೊಡುವೆನೆಂದು ಉತ್ತರ ಬಂದಿತು. ೧೮೧೬ರಲ್ಲಿ ಅದನ್ನು ಅದೇ ಬೆಲೆಗೆ ಹಿಂದಕ್ಕೆ ಕೊಳ್ಳಲಾಯಿತು. ‘ನಾರ್ಥಾಂಗರ್ ಆ್ಯಬಿ’ ಎಂಬ ಹೆಸರಿನಲ್ಲಿ ಅದು ಬೆಳಕು ಕಂಡದ್ದು ೧೮೧೭ರ ಡಿಸೆಂಬರಿನಲ್ಲಿ, ಆಕೆ ತೀರಿಕೊಂಡು ಐದು ತಿಂಗಳಾದ ಮೇಲೆ. ಪ್ರಕಾಶಕನಿಗೆ ಗ್ರಂಥಸ್ವಾಮ್ಯವನ್ನು ಪೂರ್ತಿಯಾಗಿ ಒಪ್ಪಿಸಿದವರಿಗೆ ಒದಗಬಹುದಾದ ಅತ್ಯಂತ ಕೆಟ್ಟ ಗತಿ ಇದು: ನಷ್ಟವಿಲ್ಲ, ಪುಸ್ತಕವೂ ಇಲ್ಲ.

ಎರಡನೆಯ ಬಾರಿ ಆಕೆ ಬೇರೆ ದಾರಿಯನ್ನು ಹಿಡಿದಳು. ೧೮೧೧ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ಟಾಮಸ್ ಎಗರ್ಟನ್ ಪ್ರಕಟಿಸಿದನಾದರೂ ಮುದ್ರಣದ ವೆಚ್ಚದ ಹೊಣೆ ಗ್ರಂಥಕರ್ತಳದೇ. ಮಾರಾಟವಾಗದಿದ್ದರೆ ತೆರುವುದಕ್ಕಾಗಿ ತನ್ನ ಅಲ್ಪ ಆದಾಯದಲ್ಲಿಯೇ ಒಂದಿಷ್ಟನ್ನು ಆಕೆ ಎತ್ತಿಟ್ಟಿದ್ದಳೆಂದು ಆಕೆಯ ಅಣ್ಣ ಬರೆದಿಟ್ಟಿದ್ದಾನೆ. ಪುಸ್ತಕವು ೧೮೧೩ರ ಬೇಸಿಗೆಯ ವೇಳೆಗೆ ಮಾರಾಟವಾಗಿ ೧೪೦ ಪೌಂಡುಗಳ ಲಾಭ ಬಂದಿತು. ಆದರೆ ಅಷ್ಟರೊಳಗೆ, ಮೊದಲ ಪುಸ್ತಕದ ಫಲ ಪೂರ್ತಿ ಕೈಸೇರುವುದಕ್ಕೆ ಮುಂಚೆಯೇ, ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಹಕ್ಕನ್ನು ಎಗರ್ಟನ್ನನಿಗೆ ೧೧೦ ಪೌಂಡಿಗೆ ಮಾರಿಬಿಟ್ಟಿದ್ದಳು. ಆ ಕಾದಂಬರಿ ಅದೇ ವರ್ಷ ಎರಡನೆಯ ಮುದ್ರಣವನ್ನೂ ೧೮೧೭ರಲ್ಲಿ ಮೂರನೆಯ ಮುದ್ರಣವನ್ನೂ ಕಂಡಿತು. ಆಕೆಗೆ ಮತ್ತೊಂದು ಕಾಸು ಸಲ್ಲಲಿಲ್ಲ.

ಮೂರನೆಯ ಹಂತ ಇನ್ನೂ ಸ್ವಾರಸ್ಯವಾದುದು. ಆಗಿನ ಪ್ರಸಿದ್ಧ ಪ್ರಕಾಶಕ ಜಾನ್ ಮರ್ರೆ ‘ಎಮ್ಮಾ’, ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’, ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಈ ಮೂರರ ಹಕ್ಕುಗಳಿಗೆ ಒಟ್ಟಾಗಿ ೪೫೦ ಪೌಂಡು ಕೊಡುವುದಾಗಿ ಹೇಳಿದನು. ಆಸ್ಟಿನ್ ಒಪ್ಪಲಿಲ್ಲ. ‘ಎಮ್ಮಾ’ವನ್ನು ತನ್ನ ಹೊಣೆಯ ಮೇಲೆ, ಮರ್ರೆಗೆ ನೂರಕ್ಕೆ ಹತ್ತರ ಕಮಿಷನ್ ಕೊಡುವ ಒಪ್ಪಂದದಿಂದ, ಎರಡು ಸಾವಿರ ಪ್ರತಿ ಅಚ್ಚುಹಾಕಿಸಿದಳು, ಜೊತೆಗೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಎರಡನೆಯ ಮುದ್ರಣವನ್ನೂ ಮಾಡಿಸಿದಳು. ಮೊದಲನೆಯದು ಚೆನ್ನಾಗಿಯೇ ಮಾರಾಟವಾಯಿತು. ಎರಡನೆಯದು ನಷ್ಟವನ್ನು ತಂದಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾಮಾಡಿದ ಮೇಲೆ ‘ಎಮ್ಮಾ’ದಿಂದ ಆಕೆ ಬದುಕಿದ್ದಾಗ ಕೈಗೆ ಬಂದದ್ದು ೩೮ ಪೌಂಡು ೧೮ ಷಿಲಿಂಗು ಮಾತ್ರ. ೧೮೨೦ರಲ್ಲಿ ಉಗ್ರಾಣದಲ್ಲಿ ಉಳಿದಿದ್ದ ‘ಎಮ್ಮಾ’ದ ೫೩೯ ಪ್ರತಿಗಳನ್ನು, ಒಂದು ಗಿನಿ ಬೆಲೆಯವು, ತಲಾ ಎರಡು ಷಿಲಿಂಗಿಗೆ ತೀರಿಸಿಬಿಟ್ಟರು.

ಬೇಡಿಕೆಯ ಮುದ್ರಣ ಅಂದು ಇದ್ದಿದ್ದರೆ ಆ ೫೩೯ ಪ್ರತಿಗಳು ಹುಟ್ಟುತ್ತಲೇ ಇರಲಿಲ್ಲ. ಆಸ್ಟಿನ್ನಳ ಲಾಭ ಕರಗುತ್ತಲೂ ಇರಲಿಲ್ಲ. ಇದು ಒಂದು ಮುಖ. ಇನ್ನೊಂದು ಮುಖವನ್ನೂ ನೋಡಬೇಕು. ಮರ್ರೆ ‘ಕ್ವಾರ್ಟರ್ಲಿ ರಿವ್ಯೂ’ ಎಂಬ ಪತ್ರಿಕೆಯ ಒಡೆಯನೂ ಆಗಿದ್ದನು. ‘ಎಮ್ಮಾ’ವನ್ನು ಕುರಿತು ಬರೆಯುವಂತೆ ವಾಲ್ಟರ್ ಸ್ಕಾಟನನ್ನು ಕೇಳಿಕೊಂಡವನು ಅವನೇ. ಆಸ್ಟಿನ್ನಳ ಕಲೆಯ ಹೊಸತನವನ್ನು ಗುರುತಿಸಿದ ಮೊದಲ ಮುಖ್ಯ ವಿಮರ್ಶೆಯೆಂದು ವಿದ್ವಾಂಸರು ಎಣಿಸುವ ಆ ಲೇಖನ ಹೀಗೆ ಪ್ರಕಾಶಕನೊಬ್ಬನ ಪತ್ರದಿಂದ ಹುಟ್ಟಿತು. ನಷ್ಟವನ್ನು ಹೊರುವುದು ಪ್ರಕಾಶಕನ ಕೆಲಸಗಳಲ್ಲಿ ಒಂದು. ಓದುಗರನ್ನು ಹುಡುಕುವುದು ಇನ್ನೊಂದು. ‘ಎಮ್ಮಾ’ದ ಒಪ್ಪಂದದಲ್ಲಿ ಮೊದಲನೆಯ ಕೆಲಸ ಗ್ರಂಥಕರ್ತಳ ಪಾಲಿಗೂ ಎರಡನೆಯದು ಪ್ರಕಾಶಕನ ಪಾಲಿಗೂ ಬಂದಿದ್ದುವು. ಇವೆರಡೂ ಬೇರೆ ಬೇರೆ ಎಂಬುದನ್ನು ಇಂದಿನ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತಿರುತ್ತೇವೆ.

ಇನ್ನು ಹೊಸ ಯಂತ್ರದ ವಿಷಯ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿಯೊಂದು ಪುಟಸಮೂಹಕ್ಕೂ ಪ್ಲೇಟು ಮಾಡಿ, ಯಂತ್ರಕ್ಕೆ ಕೂಡಿಸಿ, ಶಾಯಿಯನ್ನು ಹದಗೊಳಿಸುವವರೆಗಿನ ಖರ್ಚು ನೂರು ಪ್ರತಿಗೂ ಒಂದೇ, ಎರಡು ಸಾವಿರಕ್ಕೂ ಒಂದೇ. ಗಣಕಯಂತ್ರದ ಕಡತದಿಂದ ನೇರವಾಗಿ ಅಚ್ಚುಹಾಕುವ ಯಂತ್ರಗಳಿಗೆ ಪ್ಲೇಟೇ ಬೇಕಿಲ್ಲ. ಝೆರಾಕ್ಸ್ ಕಂಪೆನಿಯು ೧೯೯೦ರಲ್ಲಿ ಹೊರತಂದ ‘ಡಾಕ್ಯುಟೆಕ್’ ಈ ಬಗೆಯ ಯಂತ್ರಗಳಲ್ಲಿ ಮೊದಮೊದಲಿನದು. ಅಮೆರಿಕದ ಟೆನ್ನೆಸ್ಸಿಯಲ್ಲಿ ಪುಸ್ತಕಗಳ ಸಗಟು ವ್ಯಾಪಾರ ಮಾಡುವ ಇನ್‌ಗ್ರಾಂ ಸಂಸ್ಥೆಯು ೧೯೯೭ರಲ್ಲಿ ‘ಲೈಟ್ನಿಂಗ್ ಪ್ರಿಂಟ್’ ಎಂಬ ವಿಭಾಗವನ್ನು ತೆರೆದು, ಅಂಗಡಿಯಿಂದ ಕೋರಿಕೆ ಬಂದೊಡನೆ ಒಂದೇ ಪ್ರತಿಯನ್ನು ಅಚ್ಚುಹಾಕಿ ಕಳುಹಿಸುವ ಕ್ರಮವನ್ನು ವ್ಯಾಪಾರದ ರೂಢಿಗೆ ತಂದಿತು. ೨೦೦೨ರಲ್ಲಿ ‘ಲುಲು’ ಎಂಬ ಸಂಸ್ಥೆ ಗ್ರಂಥಕರ್ತರಿಗೇ ನೇರವಾಗಿ ಈ ಸೌಕರ್ಯವನ್ನು ಒದಗಿಸಿತು. ನಮ್ಮ ಬೆಂಗಳೂರಿನಲ್ಲಿ ‘ಪೋಥಿ’ ೨೦೦೮ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಗ್ರಂಥಕರ್ತರೇ ಪ್ರಕಟಿಸಿದ ಪುಸ್ತಕಗಳಿಗೆ ನೀಡಿದ ಐ.ಎಸ್.ಬಿ.ಎನ್. ಸಂಖ್ಯೆಗಳು ೨೦೧೭ರ ಒಂದೇ ವರ್ಷದಲ್ಲಿ ಹತ್ತು ಲಕ್ಷವನ್ನು ಮೀರಿದುವು.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಇನ್ನೂರು ಪುಟಗಳ ಪುಸ್ತಕವೊಂದಕ್ಕೆ ಆಫ್‌ಸೆಟ್ ಕ್ರಮದಲ್ಲಿ ಆರಂಭದ ವೆಚ್ಚ ೩೦,೦೦೦ ರೂಪಾಯಿ, ಆಮೇಲೆ ಪ್ರತಿಗೆ ೪೦ ರೂಪಾಯಿ ಎಂದಿಟ್ಟುಕೊಳ್ಳೋಣ. ಬೇಡಿಕೆಯ ಮುದ್ರಣದಲ್ಲಿ ಆರಂಭದ ವೆಚ್ಚವಿಲ್ಲ. ಪ್ರತಿಗೆ ೧೨೦ ರೂಪಾಯಿ. ೩೭೫ ಪ್ರತಿಗಳಿಗೆ ಎರಡರ ವೆಚ್ಚವೂ ಸಮನಾಗಿ ೪೫,೦೦೦ ರೂಪಾಯಿ ಆಗುತ್ತದೆ. ಸಾವಿರ ಪ್ರತಿಗಳೂ ಮಾರಾಟವಾಗುವ ಪುಸ್ತಕಕ್ಕೆ ಆಫ್‌ಸೆಟ್ ೭೦,೦೦೦ದಲ್ಲಿ ಮುಗಿಯುತ್ತದೆ. ಇನ್ನೊಂದಕ್ಕೆ ೧,೨೦,೦೦೦ ಬೇಕು. ಆದರೆ ಸಾವಿರ ಅಚ್ಚುಹಾಕಿಸಿ ಮುನ್ನೂರು ಮಾತ್ರ ಮಾರಾಟವಾದರೆ? ಮಾರಿದ ಒಂದೊಂದು ಪ್ರತಿಯ ಮೇಲೂ ೨೩೩ ರೂಪಾಯಿಗಳ ಭಾರ ಬೀಳುತ್ತದೆ, ಉಳಿದ ಏಳುನೂರು ಅಟ್ಟವನ್ನು ಸೇರುತ್ತವೆ. ಹಾಗೆಂದು ಬೇಡಿಕೆಯ ಮುದ್ರಣ ಅಗ್ಗವೆಂದೂ ತಿಳಿಯಬಾರದು. ಅದೇ ಪುಸ್ತಕಕ್ಕೆ ೨೦೦ ರೂಪಾಯಿ ಬೆಲೆಯಿಟ್ಟು, ಮಾರುವವನಿಗೆ ನೂರಕ್ಕೆ ಮೂವತ್ತೈದರಂತೆ ೭೦ ರೂಪಾಯಿ, ಮುದ್ರಣಕ್ಕೆ ೧೨೦ ರೂಪಾಯಿ ಕಳೆದರೆ ಗ್ರಂಥಕರ್ತನಿಗೆ ಉಳಿಯುವುದು ಹತ್ತು ರೂಪಾಯಿ. ಆದುದರಿಂದ ಬೆಲೆ ಏರುತ್ತದೆ. ಏರಿದ ಬೆಲೆಯ ಪುಸ್ತಕವನ್ನು ವಿದ್ಯಾರ್ಥಿಯು ಕೊಳ್ಳುವುದಕ್ಕೆ ಹಿಂಜರಿಯುತ್ತಾನೆ. ನಷ್ಟದ ಭಯವನ್ನು ಕಳೆದ ಯಂತ್ರವು ಅದರ ಬೆಲೆಯನ್ನು ಓದುಗನಿಂದ ಪಡೆಯುತ್ತದೆ ಎನ್ನಬಹುದು.

ಕನ್ನಡದಲ್ಲಿ ಗ್ರಂಥಕರ್ತನೇ ಪ್ರಕಾಶಕನಾದ ಪರಂಪರೆ ಹಳೆಯದು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರೆಂದು ಪ್ರತೀತಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನಿಟ್ಟು ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲು ಕೂಡಿಸಿಕೊಂಡು ಪುಸ್ತಕವನ್ನು ಅನಂತರ ಕೊಡುವ ದಾರಿಯನ್ನು ಹಿಡಿಯಿತು. ಇದನ್ನೂ ಒಂದು ಬಗೆಯ ಬೇಡಿಕೆಯ ಮುದ್ರಣವೆನ್ನಬಹುದು; ಆದರೆ ಇಲ್ಲಿ ಚಂದಾದಾರನು ನೆಚ್ಚಿದ್ದು ಒಂದು ಪುಸ್ತಕವನ್ನಲ್ಲ, ಆಯ್ದು ಕೊಡುವವರ ಅಭಿರುಚಿಯನ್ನು. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಅನಂತರ ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಯು ಕನ್ನಡ ಪ್ರಕಾಶಕರಿಗೆ ದೊಡ್ಡ ಆಸರೆಯಾಯಿತು. ಸಾವಿರ ಪ್ರತಿಯೆಂಬುದು ನಮ್ಮಲ್ಲಿ ವಾಡಿಕೆಯ ಅಳತೆಯಾಗಿ ನಿಂತುದಕ್ಕೆ ಆ ಖರೀದಿಯ ನಿರೀಕ್ಷೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಖರೀದಿ ತಡವಾದ ವರ್ಷಗಳಲ್ಲಿ ಆ ಅಳತೆಯೇ ಪ್ರಕಾಶಕನಿಗೆ ಹೊರೆಯಾಗುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದರೆ, ಒಂದು ಹೋಬಳಿಯ ವೀರಗಲ್ಲುಗಳನ್ನು ಕುರಿತ ಪುಸ್ತಕ, ಒಂದು ಮಠದ ಕಡತಗಳ ಸೂಚಿ, ಒಂದು ಕುಲಕಸುಬಿನ ಪದಕೋಶ, ಇಂಥವುಗಳಿಗೆ ಬೇಡಿಕೆಯ ಮುದ್ರಣವು ಹೇಳಿಮಾಡಿಸಿದಂತಿದೆ. ಇವನ್ನು ಕೊಳ್ಳುವವರು ಮೊದಲ ವರ್ಷದಲ್ಲಿ ನಲವತ್ತು ಮಂದಿ ಇರಬಹುದು. ಆದರೆ ಹದಿನೈದು ವರ್ಷಗಳ ಮೇಲೂ ವರ್ಷಕ್ಕೆ ಐದಾರು ಜನ ಹುಡುಕಿಕೊಂಡು ಬರುತ್ತಾರೆ. ಸಾವಿರ ಪ್ರತಿಯ ಲೆಕ್ಕದಲ್ಲಿ ಇಂಥ ಪುಸ್ತಕ ಹುಟ್ಟುವುದೇ ಕಷ್ಟ. ಹುಟ್ಟಿದರೂ, ಬೇಕಾದಾಗ ‘ಪ್ರತಿಗಳು ಮುಗಿದಿವೆ’ ಎಂಬ ಉತ್ತರ. ಪಠ್ಯಪುಸ್ತಕಕ್ಕೆ, ಜನಪ್ರಿಯ ಕಾದಂಬರಿಗೆ, ಜಾತ್ರೆ-ಸಮ್ಮೇಳನಗಳ ಮಳಿಗೆಯಲ್ಲಿ ಕೈಗೆತ್ತಿಕೊಂಡು ನೋಡಿ ಕೊಳ್ಳುವ ಪುಸ್ತಕಕ್ಕೆ ಹಳೆಯ ಕ್ರಮವೇ ಮೇಲು.

ಆದರೆ ಪ್ರಕಾಶಕರು ಮಾಡುತ್ತಿದ್ದ ಉಳಿದ ಕೆಲಸಗಳನ್ನು ಯಂತ್ರವು ಮಾಡುವುದಿಲ್ಲ. ಹಸ್ತಪ್ರತಿಯನ್ನು ಬಲ್ಲವರಿಂದ ಓದಿಸುವುದು, ಅನಾವಶ್ಯಕವಾದ ಅಧ್ಯಾಯವನ್ನು ತೆಗೆಸುವುದು, ಕರಡಚ್ಚು ತಿದ್ದುವುದು, ಪದಸೂಚಿ ಮಾಡಿಸುವುದು, ವಿಮರ್ಶೆಗೆ ಕಳುಹಿಸುವುದು, ಇವೆಲ್ಲ ಗ್ರಂಥಕರ್ತನ ತಲೆಯ ಮೇಲೆಯೇ ಬೀಳುತ್ತವೆ. ನಮ್ಮ ಪ್ರಕಾಶಕರೆಲ್ಲರೂ ಇವನ್ನು ಶ್ರದ್ಧೆಯಿಂದ ಮಾಡುತ್ತಿದ್ದರೆಂದು ಹೇಳಲಾರೆವು. ಪದಸೂಚಿಯಿಲ್ಲದ ಕನ್ನಡ ಸಂಶೋಧನ ಗ್ರಂಥಗಳು ನಮ್ಮ ಗ್ರಂಥಾಲಯದ ಕಪಾಟುಗಳಲ್ಲಿ ಸಾಲುಗಟ್ಟಿ ನಿಂತಿವೆ. ಮಾಡುವವರನ್ನು ಬಿಟ್ಟುಹೋಗುವಾಗ ಬಿಟ್ಟುಹೋಗುತ್ತಿರುವುದು ಏನೆಂಬುದನ್ನಾದರೂ ತಿಳಿದಿರಬೇಕು. ಅಧ್ಯಾಪಕರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿಯು ಅಂತರರಾಷ್ಟ್ರೀಯ ಪ್ರಕಾಶಕರಿಂದ ಬಂದ ಪುಸ್ತಕಕ್ಕೆ ೧೨ ಅಂಕಗಳನ್ನೂ ರಾಷ್ಟ್ರೀಯ ಪ್ರಕಾಶಕರಿಂದ ಬಂದುದಕ್ಕೆ ೧೦ ಅಂಕಗಳನ್ನೂ ಗೊತ್ತುಮಾಡಿತು. ಅಂಕಗಳ ಅವಸರವಿರುವ ಕಡೆ ಅದನ್ನು ಮಾರುವವರೂ ಕಾಣಿಸಿಕೊಳ್ಳುತ್ತಾರೆ. ಪ್ರಕಾಶಕರೆಂದು ಹೆಸರಿಟ್ಟುಕೊಂಡು, ಗ್ರಂಥಕರ್ತನಿಂದಲೇ ಸಾವಿರಾರು ರೂಪಾಯಿಗಳನ್ನು ಪಡೆದು, ಹಸ್ತಪ್ರತಿಯನ್ನು ತೆರೆದೂ ನೋಡದೆ ಅಚ್ಚುಹಾಕಿಕೊಡುವ ವ್ಯವಹಾರವಿದು. ಬಂಡವಾಳ ಗ್ರಂಥಕರ್ತನದು, ನಷ್ಟ ಅವನದು, ಮಾರಾಟದ ಶ್ರಮವೂ ಅವನದು. ಪ್ರಕಾಶಕನದು ಹೆಸರು ಮಾತ್ರ. ಈ ಲೇಖನದ ಮೊದಲ ಪ್ರಶ್ನೆಯನ್ನು ಇಂಥವರ ಮುಂದಿಟ್ಟರೆ ನಿಜಸ್ಥಿತಿ ಬಯಲಾಗುತ್ತದೆ.

ಒಪ್ಪಂದಪತ್ರಕ್ಕೆ ಸಹಿ ಮಾಡುವವರು ಗಮನಿಸತಕ್ಕ ಅಂಶವೊಂದಿದೆ. ಪುಸ್ತಕದ ಪ್ರತಿಗಳು ಮುಗಿದು ಪ್ರಕಾಶಕರು ಮರುಮುದ್ರಣ ಮಾಡದಿದ್ದರೆ ಹಕ್ಕು ಗ್ರಂಥಕರ್ತನಿಗೆ ಮರಳುವುದು ಹಳೆಯ ಪಾಶ್ಚಾತ್ಯ ಒಪ್ಪಂದಗಳ ವಾಡಿಕೆ. ಒಂದೊಂದೇ ಪ್ರತಿಯನ್ನು ಯಾವಾಗ ಬೇಕಾದರೂ ಅಚ್ಚುಹಾಕಬಹುದಾದರೆ ಪುಸ್ತಕವು ‘ಮುಗಿಯಿತು’ ಎಂದು ಹೇಳುವಂತೆಯೇ ಇಲ್ಲ! ೨೦೦೭ರಲ್ಲಿ ಸೈಮನ್ ಅಂಡ್ ಷುಸ್ಟರ್ ಸಂಸ್ಥೆಯು ಈ ಅರ್ಥ ಬರುವಂತೆ ತನ್ನ ಒಪ್ಪಂದವನ್ನು ತಿದ್ದಲು ಹೊರಟಾಗ ಅಮೆರಿಕದ ಗ್ರಂಥಕರ್ತರ ಸಂಘವು ಬಲವಾಗಿ ಪ್ರತಿಭಟಿಸಿತು, ಸಂಸ್ಥೆಯು ಹಿಂದೆಗೆಯಬೇಕಾಯಿತು. ನಮ್ಮ ದೇಶದ ೧೯೫೭ರ ಗ್ರಂಥಸ್ವಾಮ್ಯ ಕಾಯಿದೆಯ ೧೯ನೆಯ ಕಲಮು ಈ ವಿಷಯದಲ್ಲಿ ಗ್ರಂಥಕರ್ತನಿಗೆ ಅನುಕೂಲವಾಗಿದೆ. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದು ತಿಳಿಯತಕ್ಕದ್ದು. ಕ್ರಾಸ್ಬಿಯ ಪೆಟ್ಟಿಗೆಯಲ್ಲಿ ‘ಸೂಸನ್’ ಹದಿಮೂರು ವರ್ಷ ಕೊಳೆಯುವುದು ಇಂಥ ಕಲಮಿನ ಕೆಳಗೆ ಸಾಧ್ಯವಿರಲಿಲ್ಲ. ‘ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ’ ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಅಚ್ಚಾದ ನಮೂನೆಗಳಲ್ಲಿ ಆ ಬೇರೆ ಮಾತು ಸಣ್ಣ ಅಕ್ಷರಗಳಲ್ಲಿ ಇರಬಹುದು.

ಇತಿಹಾಸದ ವಿದ್ಯಾರ್ಥಿಗಳಾದ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಬೇರೊಂದು ಸಂಗತಿ. ಕನ್ನಡ ಪುಸ್ತಕದ ಮೊದಲ ಹಾಳೆಯ ಹಿಂಬದಿಯಲ್ಲಿ ‘ಮೊದಲನೆಯ ಮುದ್ರಣ’, ವರ್ಷ, ‘ಪ್ರತಿಗಳು: ೧೦೦೦’, ಪುಟ, ಬೆಲೆ, ಬಳಸಿದ ಕಾಗದ ಎಂದು ಒಂದೊಂದಾಗಿ ನಮೂದಿಸಿರುತ್ತಾರೆ. ಓದುಗನು ಕಣ್ಣೆತ್ತಿಯೂ ನೋಡದ ಈ ಸಾಲುಗಳು ಮುಂದಿನ ಸಂಶೋಧಕನಿಗೆ ಶಾಸನದಷ್ಟೇ ಬೆಲೆಯುಳ್ಳವು. ಬೇಡಿಕೆಯ ಮುದ್ರಣದಲ್ಲಿ ‘ಪ್ರತಿಗಳು’ ಎಂಬ ಸಾಲಿಗೆ ಅರ್ಥವೇ ಇಲ್ಲ. ಇದಕ್ಕಿಂತ ತೊಡಕಾದುದು ಪಾಠದ ವಿಷಯ. ಕಡತವನ್ನು ಇಂದು ತಿದ್ದಿದರೆ ನಾಳೆ ಕೊಂಡವನಿಗೆ ತಿದ್ದಿದ ಪ್ರತಿ, ನಿನ್ನೆ ಕೊಂಡವನಲ್ಲಿ ತಿದ್ದದ ಪ್ರತಿ. ಹೊರಗಿನಿಂದ ಎರಡೂ ಒಂದೇ. ಒಬ್ಬ ವಿದ್ವಾಂಸ ೮೪ನೆಯ ಪುಟವೆಂದು ಉಲ್ಲೇಖಿಸಿದ ಮಾತು ಇನ್ನೊಬ್ಬನ ಪ್ರತಿಯಲ್ಲಿ ಇಲ್ಲದೇ ಹೋಗಬಹುದು. ಓಲೆಗರಿಗಳ ಪಾಠಾಂತರದೊಡನೆ ಹೆಣಗುವವರಿಗೆ ಇದು ಪರಿಚಿತವಾದ ಕಷ್ಟ. ಅಲ್ಲಿ ಲಿಪಿಕಾರನ ಕೈಬರಹವಾದರೂ ಸುಳಿವು ಕೊಡುತ್ತದೆ. ಕಡತವೇ ಉಳಿದಿದೆಯಲ್ಲ ಎನ್ನುವಂತೆಯೂ ಇಲ್ಲ: ಯೂನಿಕೋಡ್ ರೂಢಿಯಾಗುವುದಕ್ಕೆ ಮುಂಚೆ ಹಳೆಯ ಫಾಂಟುಗಳಲ್ಲಿ ಅಕ್ಷರಜೋಡಣೆ ಮಾಡಿದ ಕನ್ನಡ ಕಡತಗಳನ್ನು ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣಿಸುವುದು ಹಲವರ ಅನುಭವ.

ದಾಖಲೆಯ ವ್ಯವಸ್ಥೆಯೂ ಬದಲಾಗಿದೆ. ೧೮೬೭ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯಂತೆ ಪ್ರಾಂತ ಸರ್ಕಾರಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಿದ್ದ ಪಟ್ಟಿಗಳಲ್ಲಿ ಪುಸ್ತಕದ ಹೆಸರು, ಮುದ್ರಣದ ಸ್ಥಳ, ಪ್ರತಿಗಳ ಸಂಖ್ಯೆ, ಬೆಲೆಗಳನ್ನು ಕಾಣಬಹುದು. ಮದರಾಸು, ಮುಂಬಯಿ ಪ್ರಾಂತಗಳ ಕನ್ನಡ ಪ್ರಕಟಣೆಯ ಚರಿತ್ರೆಗೆ ಇವು ಆಧಾರ. ಆ ಕಾಯಿದೆಯ ಸ್ಥಾನದಲ್ಲಿ ಬಂದು ೨೦೨೪ರ ಮಾರ್ಚಿಯಲ್ಲಿ ಜಾರಿಯಾದ ೨೦೨೩ರ ಕಾಯಿದೆಯು ನಿಯತಕಾಲಿಕಗಳಿಗೆ ಮಾತ್ರ ಸಂಬಂಧಿಸಿದುದು. ಪುಸ್ತಕಗಳು ಅದರ ವ್ಯಾಪ್ತಿಯಿಂದ ಹೊರಗೆ ಉಳಿದಿವೆ. ಉಳಿದಿರುವುದು ೧೯೫೪ರ ಪುಸ್ತಕ ಸಲ್ಲಿಕೆ ಕಾಯಿದೆ. ಪ್ರಕಟವಾದ ಮೂವತ್ತು ದಿನಗಳೊಳಗೆ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಮೂರು ಗ್ರಂಥಾಲಯಗಳಿಗೂ ಪ್ರಕಾಶಕನು ತನ್ನ ಖರ್ಚಿನಲ್ಲಿ ಒಂದೊಂದು ಪ್ರತಿಯನ್ನು ಕಳುಹಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಅದರಲ್ಲಿ ಮೊದಲು ಗೊತ್ತುಮಾಡಿದ ದಂಡ ಐವತ್ತು ರೂಪಾಯಿ ಮತ್ತು ಪುಸ್ತಕದ ಬೆಲೆ. ಇದರಿಂದ ಯಾರೂ ಹೆದರಿದ ಹಾಗೆ ಕಾಣುವುದಿಲ್ಲ.

ತನ್ನ ಪುಸ್ತಕವನ್ನು ತಾನೇ ಹೊರತರುವ ಗ್ರಂಥಕರ್ತನು ಈ ಕಾಯಿದೆಯ ದೃಷ್ಟಿಯಲ್ಲಿ ಪ್ರಕಾಶಕನೇ ಆಗುತ್ತಾನೆ. ಐ.ಎಸ್.ಬಿ.ಎನ್. ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಿಂದ ಶುಲ್ಕವಿಲ್ಲದೆ ತನ್ನ ಹೆಸರಿನಲ್ಲಿಯೇ ಪಡೆಯಬಹುದು. ಮುದ್ರಿಸಿಕೊಡುವ ಸಂಸ್ಥೆಯ ಸಂಖ್ಯೆಯನ್ನು ಹಾಕಿಸಿಕೊಂಡರೆ ದಾಖಲೆಗಳಲ್ಲಿ ಪ್ರಕಾಶಕರೆಂದು ಆ ಸಂಸ್ಥೆಯೇ ನಿಲ್ಲುತ್ತದೆ. ಪಾಠವನ್ನು ತಿದ್ದಿದಾಗಲೆಲ್ಲ ‘ಪರಿಷ್ಕೃತ ಪಾಠ’ ಎಂದು ತಿಂಗಳು, ವರ್ಷಗಳೊಡನೆ ಮೊದಲ ಹಾಳೆಯ ಹಿಂಬದಿಯಲ್ಲಿ ನಮೂದಿಸಬೇಕು; ತಿದ್ದುಪಡಿ ದೊಡ್ಡದಾಗಿದ್ದರೆ ಹೊಸ ಸಂಖ್ಯೆಯನ್ನೇ ಪಡೆಯಬೇಕು. ಕಾಯಿದೆ ಹೇಳುವ ನಾಲ್ಕು ಗ್ರಂಥಾಲಯಗಳಿಗಲ್ಲದೆ ತನ್ನ ಜಿಲ್ಲೆಯ ಕೇಂದ್ರ ಗ್ರಂಥಾಲಯಕ್ಕೂ ತನ್ನ ಕಾಲೇಜಿಗೂ ಒಂದೊಂದು ಪ್ರತಿಯನ್ನು ಕೊಡುವುದು ಉಚಿತ. ಮೇಲಿನ ಕಲ್ಪಿತ ಲೆಕ್ಕದಂತೆ ಈ ಆರು ಪ್ರತಿಗಳಿಗೆ ಆಗುವ ವೆಚ್ಚ ಅಂಚೆಯನ್ನು ಬಿಟ್ಟು ೭೨೦ ರೂಪಾಯಿ.